ಒಬ್ಬರೇ ಮೆಂಬರ್, ಎರಡು ಖಾತೆ: ಜಿಮ್, ಈಜುಕೊಳ, ಶಟಲ್ ಕೋರ್ಟ್‌ಗಳ ಲೆಕ್ಕ ಸರಿ ಮಾಡೋದು ಹೇಗೆ?

ಸಂಜೆ ಆರು ಗಂಟೆ. ಶಟಲ್ ಕೋರ್ಟಿನ ಕೌಂಟರ್ ಮುಂದೆ ಐದಾರು ಜನ ನಿಂತಿದ್ದಾರೆ. "ಸರ್, ನಿಮ್ಮ ಮೆಂಬರ್‌ಶಿಪ್ ಮುಗಿದಿದೆ" ಅಂತಾನೆ ಕೌಂಟರಿನ ಹುಡುಗ. "ಹೋದ ವಾರ ತಾನೇ ಮೂರು ತಿಂಗಳದ್ದು ಕಟ್ಟಿದ್ದೀನಲ್ಲಪ್ಪಾ" ಅಂತಾರೆ ಗ್ರಾಹಕರು. ಮೊಬೈಲಿನಲ್ಲಿ ರಸೀದಿಯೂ ಇದೆ. ಇಬ್ಬರೂ ಸುಳ್ಳು ಹೇಳ್ತಿಲ್ಲ. ದುಡ್ಡು ಬಂದಿದೆ, ಆದರೆ ಅವರದ್ದೇ ಹೆಸರಿನ ಇನ್ನೊಂದು ಖಾತೆಗೆ ಹೋಗಿ ಕೂತಿದೆ.

ತಾಲ್ಲೂಕು ಕೇಂದ್ರಗಳಲ್ಲೂ ಈಗ ಜಿಮ್, ಟರ್ಫ್, ಶಟಲ್ ಕೋರ್ಟ್, ಈಜುಕೊಳ ಬಂದಿವೆ. ಬುಕಿಂಗ್, ಮೆಂಬರ್‌ಶಿಪ್, ಬೇಸಿಗೆ ಶಿಬಿರದ ಫೀಸು ನೋಡಿಕೊಳ್ಳೋಕೆ ಸಾಫ್ಟ್‌ವೇರ್ ಹಾಕಿಸಿಕೊಂಡವರೂ ಇದ್ದಾರೆ. ಒಂದೆರಡು ವರ್ಷ ಕಳೆಯುವಷ್ಟರಲ್ಲಿ ಅದರೊಳಗೆ ಒಬ್ಬರ ಹೆಸರಲ್ಲೇ ಎರಡು-ಮೂರು ಖಾತೆ ಹುಟ್ಟಿಕೊಂಡಿರುತ್ತವೆ. ಉದ್ರಿ ಪುಸ್ತಕ ಬರೆದ ಅಂಗಡಿಯವರಿಗೆ ಇದು ಹೊಸದಲ್ಲ. ಒಬ್ಬರ ಹೆಸರು ಎರಡು ಪುಟದಲ್ಲಿದ್ದರೆ ಒಂದರಲ್ಲಿ ಬಾಕಿ, ಇನ್ನೊಂದರಲ್ಲಿ ಜಮಾ. ಎರಡೂ ಪುಟ ತೆರೆದು ನೋಡದೆ ನಿಜವಾದ ಲೆಕ್ಕ ಸಿಗಲ್ಲ.

ಎರಡನೇ ಖಾತೆ ಹುಟ್ಟೋದು ಹೇಗೆ?

ಮೊದಲ ಕಾರಣ ಅವಸರ. ಕ್ಯೂ ಬೆಳೆದಾಗ ಹಳೇ ಹೆಸರು ಹುಡುಕೋದಕ್ಕಿಂತ ಹೊಸ ಖಾತೆ ತೆರೆಯೋದೇ ಬೇಗ ಆಗುತ್ತೆ. ಎರಡನೆಯದು ಸ್ಪೆಲ್ಲಿಂಗ್. ಲಕ್ಷ್ಮಿ ಅನ್ನೋ ಹೆಸರನ್ನು ಇಂಗ್ಲಿಷಿನಲ್ಲಿ ಒಬ್ಬರು 'ಕೆ', 'ಎಸ್', 'ಎಚ್' ಹಾಕಿ ಬರೆದರೆ ಇನ್ನೊಬ್ಬರು 'ಎಕ್ಸ್' ಹಾಕಿ ಮುಗಿಸ್ತಾರೆ. ಇನಿಷಿಯಲ್ ಕೆಲವರಿಗೆ ಹೆಸರಿನ ಮುಂದೆ, ಕೆಲವರಿಗೆ ಹಿಂದೆ. ಕೌಂಟರಿನಲ್ಲಿ 'ಮಂಜುನಾಥ ಕೆ' ಆಗಿದ್ದವರು ಮೊಬೈಲ್ ಬುಕಿಂಗ್‌ನಲ್ಲಿ ಬರೀ 'ಮಂಜು' ಆಗಿರ್ತಾರೆ.

ಮೂರನೆಯದು ಮೊಬೈಲ್ ನಂಬರ್. ನಂಬರ್ ಬದಲಾದ ಮೇಲೆ ಆನ್‌ಲೈನಿನಲ್ಲಿ ಬುಕ್ ಮಾಡಿದರೆ ಸಾಫ್ಟ್‌ವೇರ್ ಅವರನ್ನು ಹೊಸಬರು ಅಂತಲೇ ತಿಳಿಯುತ್ತೆ. ಮಕ್ಕಳ ವಿಷಯದಲ್ಲಂತೂ ಇದು ಇನ್ನೂ ಹೆಚ್ಚು. ಶಿಬಿರಕ್ಕೆ ಸೇರಿಸುವಾಗ ಅಮ್ಮನ ನಂಬರ್, ಆಮೇಲೆ ತಿಂಗಳ ಫೀಸು ಕಟ್ಟುವಾಗ ಅಪ್ಪನ ನಂಬರ್. ಮಗು ಒಂದೇ, ಖಾತೆ ಎರಡು.

ದುಡ್ಡಿನ ತಲೆನೋವು ಮಾತ್ರ ಅಲ್ಲ

ಫೀಸಿನ ಗೊಂದಲವಾದರೆ ರಸೀದಿ ತೋರಿಸಿ ಬಗೆಹರಿಸಬಹುದು. ಈಜುಕೊಳದಲ್ಲಿ ವಿಷಯ ಅಷ್ಟಕ್ಕೇ ನಿಲ್ಲಲ್ಲ. ಒಂದು ಉದಾಹರಣೆ ಅಂದುಕೊಳ್ಳಿ. ಏಪ್ರಿಲ್‌ನಲ್ಲಿ ಮಗನನ್ನು ಶಿಬಿರಕ್ಕೆ ಸೇರಿಸಿದ ತಾಯಿ "ಇವನಿಗೆ ಒಮ್ಮೊಮ್ಮೆ ಫಿಟ್ಸ್ ಬರುತ್ತೆ" ಅಂತ ಹೇಳಿ ಬರೆಸಿದ್ದಾರೆ. ಜೂನ್‌ನಲ್ಲಿ ತಂದೆ ಮೊಬೈಲಿನಲ್ಲಿ ಹೊಸ ಬ್ಯಾಚ್ ಬುಕ್ ಮಾಡಿದ್ದಾರೆ. ಅಲ್ಲಿ ಎರಡನೇ ಖಾತೆ ತೆರೆದುಕೊಂಡಿದೆ, ಆರೋಗ್ಯದ ಕಾಲಂ ಖಾಲಿ ಇದೆ. ಕೋಚ್ ಕೈಗೆ ಸಿಗೋ ಪಟ್ಟಿ ಈ ಎರಡನೇ ಖಾತೆಯದ್ದು. ತಾಯಿ ಹೇಳಿದ ಮಾತು ಕಂಪ್ಯೂಟರಿನಲ್ಲಿ ಇದ್ದೂ ಇಲ್ಲದ ಹಾಗೆ.

ಆದ್ದರಿಂದಲೇ ಇದು ಬಿಡುವಾದಾಗ ನೋಡಿದರಾಯ್ತು ಅನ್ನೋ ಕೆಲಸ ಅಲ್ಲ. ಹಾಗಂತ ಅವಸರದಲ್ಲಿ ಮಾಡೋ ಕೆಲಸವೂ ಅಲ್ಲ.

ಮೊದಲು ಬ್ಯಾಕಪ್

ಕೈ ಹಾಕುವ ಮುಂಚೆ ಎಲ್ಲ ಗ್ರಾಹಕರ ಪಟ್ಟಿ, ಬಾಕಿ-ಜಮಾ ಪಟ್ಟಿ, ಮುಂದಿನ ಬುಕಿಂಗ್ ಪಟ್ಟಿ ಮೂರನ್ನೂ ಡೌನ್‌ಲೋಡ್ ಮಾಡಿ ತಾರೀಖು ಹಾಕಿ ಇಟ್ಟುಕೊಳ್ಳಬೇಕು. ಎರಡು ಖಾತೆ ಒಂದಾದ ಮೇಲೆ ಮತ್ತೆ ಬೇರೆ ಮಾಡುವ ಅನುಕೂಲ ಬಹಳಷ್ಟು ಸಾಫ್ಟ್‌ವೇರ್‌ಗಳಲ್ಲಿ ಇರಲ್ಲ. ಜನ ಕಡಿಮೆ ಇರೋ ಮಧ್ಯಾಹ್ನದ ಹೊತ್ತು ಈ ಕೆಲಸಕ್ಕೆ ಸರಿ. ಮೊದಲ ದಿನ ನಾಲ್ಕೈದು ಖಾತೆ ಮಾತ್ರ ಮಾಡಿ, ಏನೇನು ಬದಲಾಯ್ತು ನೋಡಿ ಮುಂದುವರಿಯೋದು ಕ್ಷೇಮ.

ಹುಡುಕುವ ದಾರಿ

ಪಟ್ಟಿಯನ್ನು ಎಕ್ಸೆಲ್ ಅಥವಾ ಗೂಗಲ್ ಶೀಟ್ಸ್‌ನಲ್ಲಿ ತೆರೆಯಿರಿ. ಮೊದಲು ಮೊಬೈಲ್ ನಂಬರುಗಳನ್ನು ಒಂದೇ ರೂಪಕ್ಕೆ ತನ್ನಿ. ಕೆಲವು ನಂಬರಿಗೆ ಮುಂದೆ 91 ಇರುತ್ತೆ, ಕೆಲವಕ್ಕೆ ಸೊನ್ನೆ, ಕೆಲವಕ್ಕೆ ನಡುವೆ ಜಾಗ. ಇವನ್ನೆಲ್ಲ ತೆಗೆದು ಕೊನೆಯ 10 ಅಂಕಿ ಮಾತ್ರ ಉಳಿಸಿ ವಿಂಗಡಿಸಿದರೆ ಒಂದೇ ನಂಬರಿನವರು ಒಂದರ ಕೆಳಗೊಂದು ಬಂದು ನಿಲ್ಲುತ್ತಾರೆ. ಎರಡು ಸಲ ಬಂದಿರೋ ನಂಬರಿಗೆ ತಾನಾಗಿ ಬಣ್ಣ ಬರೋ ವ್ಯವಸ್ಥೆಯೂ ಎಕ್ಸೆಲ್‌ನಲ್ಲಿದೆ.

ಒಂದು ಎಚ್ಚರಿಕೆ. ಎಕ್ಸೆಲ್‌ನಲ್ಲಿ 'ರಿಮೂವ್ ಡೂಪ್ಲಿಕೇಟ್ಸ್' ಅನ್ನೋ ಬಟನ್ ಇದೆ. ಹೆಸರು ಕೇಳಿದರೆ ಇದೇ ಬೇಕಾಗಿತ್ತು ಅನಿಸುತ್ತೆ. ಆದರೆ ಅದು ಮೊದಲ ಸಾಲನ್ನು ಉಳಿಸಿ ಉಳಿದದ್ದನ್ನು ಅಳಿಸಿಹಾಕುತ್ತೆ, ಅದರಲ್ಲಿ ಏನಿತ್ತು ಅಂತ ನೋಡಲ್ಲ. ಜಮಾ ಇದ್ದದ್ದು ಎರಡನೇ ಸಾಲಿನಲ್ಲಾದರೆ ಅದೂ ಹೋಯ್ತು. ಆ ಬಟನ್ ಒತ್ತಬೇಡಿ.

ಹೆಸರಿನ ಮೇಲೆ ಹುಡುಕೋಕೆ ಕೆಲವು ಸಾಫ್ಟ್‌ವೇರ್‌ಗಳು ಉಚ್ಚಾರಣೆ ಹೋಲಿಸುತ್ತವೆ. ಇದು ಹಳೇ ಉಪಾಯ. 'ಸೌಂಡೆಕ್ಸ್' ಅನ್ನೋ ಪದ್ಧತಿಗೆ ಅಮೆರಿಕದಲ್ಲಿ 1918ರಲ್ಲೇ ಪೇಟೆಂಟ್ ಸಿಕ್ಕಿದೆ. ಹೆಸರಿನ ಮೊದಲ ಅಕ್ಷರ ಇಟ್ಟುಕೊಂಡು ಉಳಿದ ವ್ಯಂಜನಗಳಿಗೆ ಅಂಕಿ ಕೊಡೋದು ಅದರ ಕ್ರಮ. ಲಕ್ಷ್ಮಿಯನ್ನು ಎರಡರಲ್ಲಿ ಯಾವ ಸ್ಪೆಲ್ಲಿಂಗ್‌ನಲ್ಲಿ ಬರೆದರೂ 'ಎಲ್ 250' ಅಂತಲೇ ಬರುತ್ತೆ. ಇಲ್ಲಿವರೆಗೆ ಸರಿ. ಆದರೆ ಇದೇ ಲೆಕ್ಕದಲ್ಲಿ ಲಕ್ಷ್ಮಣನಿಗೂ ಲಕ್ಷ್ಮಮ್ಮನಿಗೂ 'ಎಲ್ 255' ಬರುತ್ತೆ! ವಾಣಿ ಅನ್ನೋ ಹೆಸರನ್ನು ಒಬ್ಬರು 'ವಿ'ಯಿಂದ, ಇನ್ನೊಬ್ಬರು 'ಡಬ್ಲ್ಯು'ದಿಂದ ಬರೆದರೆ ಬೇರೆ ಬೇರೆ ಅಂತ ಹೇಳುತ್ತೆ. ಕಂಪ್ಯೂಟರ್ ತೋರಿಸೋದು ಅನುಮಾನದ ಪಟ್ಟಿ ಅಷ್ಟೇ. ತೀರ್ಮಾನ ಮಾಡಬೇಕಾದವರು ಮನುಷ್ಯರು.

ಯಾವುದನ್ನು ನಂಬಬೇಕು?

ಮೊಬೈಲ್ ನಂಬರ್ ಒಂದನ್ನೇ ನಂಬಿದರೆ ಮನೆಮಂದಿಯೆಲ್ಲ ಒಬ್ಬರಾಗಿಬಿಡ್ತಾರೆ. ಅಪ್ಪ, ಮಗ, ಮಗಳು ಮೂವರೂ ಒಂದೇ ನಂಬರ್ ಕೊಟ್ಟಿರೋದು ಸಾಮಾನ್ಯ. ಜೊತೆಗೆ ಬಂದ್ ಆದ ನಂಬರನ್ನು 90 ದಿನ ಕಳೆದ ಮೇಲೆ ಟೆಲಿಕಾಂ ಕಂಪನಿಗಳು ಬೇರೆಯವರಿಗೆ ಕೊಡಬಹುದು. ಹಾಗಾಗಿ ಹಳೇ ಗ್ರಾಹಕರ ನಂಬರ್ ಇವತ್ತು ಗುರುತೇ ಇಲ್ಲದವರ ಕೈಯಲ್ಲಿರಬಹುದು.

ಹುಟ್ಟಿದ ದಿನಾಂಕವೂ ಪೂರ್ತಿ ಭರವಸೆಯದ್ದಲ್ಲ. ನಮ್ಮ ಕಡೆ ಹಿರಿಯರಲ್ಲಿ ಬಹಳ ಜನರ ಶಾಲಾ ದಾಖಲೆಯಲ್ಲಿ ಜೂನ್ 1 ಅಂತಲೇ ಇರುತ್ತೆ. ಅವಳಿ ಮಕ್ಕಳಿಗೆ ದಿನಾಂಕ, ನಂಬರ್, ವಿಳಾಸ ಮೂರೂ ಒಂದೇ.

ಆದ್ದರಿಂದ ಪಟ್ಟಿಯನ್ನು ಮೂರು ಪಾಲು ಮಾಡಿಕೊಳ್ಳೋದು ಒಳ್ಳೇದು. ಹೆಸರು, ನಂಬರ್, ಹುಟ್ಟಿದ ದಿನಾಂಕ ಮೂರೂ ಕೂಡಿಬಂದು, ಫೋಟೋ ಅಥವಾ ಹಳೇ ರಸೀದಿಯೂ ಹೊಂದಿದರೆ ಖಚಿತ. ಎರಡು ಮಾತ್ರ ಹೊಂದಿದರೆ ಅನುಮಾನ. ಬರೀ ಒಂದು ಹೊಂದಿದರೆ ಸದ್ಯಕ್ಕೆ ಬೇರೆಯವರು ಅಂತಲೇ ಇಟ್ಟುಕೊಳ್ಳಿ. ಅನುಮಾನದ ಪಾಲಿನವರಿಗೆ ಫೋನ್ ಮಾಡಿ, ಇಲ್ಲವೇ ಮುಂದಿನ ಸಲ ಬಂದಾಗ ಕೇಳಿ. ಉತ್ತರ ಸಿಗೋವರೆಗೆ ಎರಡೂ ಖಾತೆ ಹಾಗೇ ಇರಲಿ. ಒಬ್ಬರಿಗೆ ಎರಡು ಖಾತೆ ಇದ್ದರೆ ನಾಳೆ ಸರಿ ಮಾಡಬಹುದು. ಇಬ್ಬರನ್ನು ಒಬ್ಬರನ್ನಾಗಿ ಮಾಡಿಬಿಟ್ಟರೆ ಒಬ್ಬರ ದುಡ್ಡು, ಒಬ್ಬರ ಕಾಯಿಲೆ ಇನ್ನೊಬ್ಬರ ತಲೆ ಮೇಲೆ ಬೀಳುತ್ತೆ.

ಗುರುತಿಗೆ ಅಂತ ಆಧಾರ್ ಜೆರಾಕ್ಸ್ ಸಂಗ್ರಹಿಸೋ ಅಭ್ಯಾಸ ಬೇಡ. ಶಟಲ್ ಆಡೋಕೆ ಆಧಾರ್ ಅಗತ್ಯವಿಲ್ಲ, ಆ ಕಾಗದಗಳನ್ನು ಕಾಪಾಡೋದು ಬೇರೆ ಜವಾಬ್ದಾರಿ.

ಅಳಿಸಬೇಡಿ, ಕೂಡಿಸಿ

ಎರಡರಲ್ಲಿ ಒಂದನ್ನು ಡಿಲೀಟ್ ಮಾಡೋದು ಸುಲಭ, ಆದರೆ ತಪ್ಪು. ಆ ಖಾತೆಗೆ ಬಿಲ್ಲುಗಳು ಅಂಟಿಕೊಂಡಿರುತ್ತವೆ. ಜಿಎಸ್‌ಟಿ ನೋಂದಣಿ ಇದ್ದವರು ಆ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸಬೇಕಾದ ಕೊನೆ ದಿನದಿಂದ 72 ತಿಂಗಳು ಲೆಕ್ಕಪತ್ರ ಉಳಿಸಿಕೊಂಡಿರಬೇಕು. ಸಾಫ್ಟ್‌ವೇರ್‌ನಲ್ಲಿ 'ಮರ್ಜ್' ಆಯ್ಕೆ ಇದ್ದರೆ ಅದನ್ನೇ ಬಳಸಿ. ಇಲ್ಲದಿದ್ದರೆ ಜಮಾ, ಬಾಕಿ, ಬುಕಿಂಗ್ ವರ್ಗಾಯಿಸಿ ಹಳೇ ಖಾತೆಯನ್ನು 'ಬಳಕೆಯಲ್ಲಿಲ್ಲ' ಅಂತ ಗುರುತು ಮಾಡಿ ಬಿಡಿ.

ಯಾವ ಖಾತೆ ಉಳಿಯಬೇಕು? ಈಗ ಮೆಂಬರ್‌ಶಿಪ್ ನಡೀತಿರೋದು, ಫೋನ್ ನಂಬರ್ ಸರಿ ಇರೋದು ಉಳಿಯಲಿ. ಕೂಡಿಸುವ ಮುಂಚೆ ಇಷ್ಟನ್ನು ಕಣ್ಣಾರೆ ನೋಡಬೇಕು: ಉಳಿದ ಕ್ಲಾಸುಗಳೆಷ್ಟು, ಮುಂಗಡ ಎಷ್ಟು, ಬಾಕಿ ಎಷ್ಟು, ಮಕ್ಕಳಾದರೆ ಪೋಷಕರು ಯಾರು, ಆರೋಗ್ಯದ ಟಿಪ್ಪಣಿ ಏನು. ಒಂದರಲ್ಲಿ ಟಿಪ್ಪಣಿ ಇದ್ದು ಇನ್ನೊಂದರಲ್ಲಿ ಖಾಲಿ ಇದ್ದರೆ, ಇರೋದನ್ನೇ ಉಳಿಸಿ. ಖಾಲಿ ಅಂದರೆ ಕಾಯಿಲೆ ಇಲ್ಲ ಅಂತ ಅರ್ಥ ಅಲ್ಲ, ಯಾರೂ ಕೇಳಿಲ್ಲ ಅಂತ ಅರ್ಥ.

ಯುಪಿಐ ಆಟೋಪೇ ಹಾಕಿಸಿಕೊಂಡ ಗ್ರಾಹಕರಿದ್ದರೆ ಇನ್ನೊಂದು ಕೆಲಸ ಇದೆ. ಎರಡು ಖಾತೆಗೂ ಆಟೋಪೇ ಇದ್ದರೆ ತಿಂಗಳಿಗೆ ಎರಡು ಸಲ ಹಣ ಕಟ್ ಆಗುತ್ತೆ. ಖಾತೆ ಒಂದಾದ ಮಾತ್ರಕ್ಕೆ ಹಳೇ ಆಟೋಪೇ ನಿಂತಿದೆ ಅಂದುಕೊಳ್ಳಬಾರದು. ಅದನ್ನು ಬೇರೆಯಾಗಿಯೇ ರದ್ದು ಮಾಡಬೇಕು. ಗ್ರಾಹಕರು ತಮ್ಮ ಯುಪಿಐ ಆ್ಯಪ್‌ನಲ್ಲೂ ರದ್ದು ಮಾಡಬಹುದು.

ಸಂಜೆ ತಾಳೆ ನೋಡಿ

ಕೆಲಸ ಸರಿಯಾಯ್ತೋ ಇಲ್ಲವೋ ಅಂತ ತಿಳಿಯೋಕೆ ಅಂಗಡಿ ಲೆಕ್ಕದ ದಾರಿಯೇ ಸಾಕು. ಒಂದು ಖಾತೆಯಲ್ಲಿ 1,500 ರೂಪಾಯಿ ಮುಂಗಡ, ಇನ್ನೊಂದರಲ್ಲಿ 600 ರೂಪಾಯಿ ಬಾಕಿ ಇದ್ದರೆ, ಕೂಡಿಸಿದ ಮೇಲೆ ನಿವ್ವಳ 900 ರೂಪಾಯಿ ಮುಂಗಡ ಉಳಿಯಬೇಕು. ಇಡೀ ಪಟ್ಟಿಗೂ ಇದೇ ನಿಯಮ. ಗ್ರಾಹಕರ ಸಂಖ್ಯೆ ಕಡಿಮೆ ಆಗಬೇಕು. ಮುಂಗಡದಿಂದ ಬಾಕಿ ಕಳೆದ ಮೊತ್ತ, ಬಿಲ್ಲುಗಳ ಮೊತ್ತ, ಮುಂದಿನ ಬುಕಿಂಗ್‌ಗಳ ಸಂಖ್ಯೆ ಒಂದು ರೂಪಾಯಿ, ಒಂದು ಬುಕಿಂಗ್ ಕೂಡ ಬದಲಾಗಬಾರದು. ಬದಲಾಗಿದ್ದರೆ ಅಲ್ಲೇ ನಿಲ್ಲಿಸಿ, ಬ್ಯಾಕಪ್ ತೆಗೆದು ಹೋಲಿಸಿ. ಯಾವ ಖಾತೆಯನ್ನು ಯಾವುದಕ್ಕೆ ಸೇರಿಸಿದಿರಿ, ಯಾವತ್ತು, ಯಾರು ಮಾಡಿದ್ದು ಅಂತ ಒಂದು ನೋಟ್‌ಬುಕ್‌ನಲ್ಲಿ ಬರೆದಿಟ್ಟರೆ ಆರು ತಿಂಗಳ ಮೇಲೆ ತಕರಾರು ಬಂದಾಗ ಉತ್ತರ ಕೈಯಲ್ಲಿರುತ್ತೆ.

ಮತ್ತೆ ಹುಟ್ಟದ ಹಾಗೆ

ಕೌಂಟರಿನಲ್ಲಿ ಒಂದೇ ಕಟ್ಟುನಿಟ್ಟು ಸಾಕು: ಹುಡುಕದೆ ಹೊಸ ಖಾತೆ ತೆರೆಯಬಾರದು. ನಂಬರಿನಿಂದ ಒಮ್ಮೆ, ಹೆಸರಿನಿಂದ ಒಮ್ಮೆ. ಹೆಸರು ಬರೆಯೋ ಕ್ರಮ, ಇನಿಷಿಯಲ್ ಎಲ್ಲಿ ಅನ್ನೋದು ಒಂದು ಚೀಟಿಯಲ್ಲಿ ಬರೆದು ಕಂಪ್ಯೂಟರ್ ಪಕ್ಕ ಅಂಟಿಸಿ. ಪ್ರತಿ ಮೆಂಬರಿಗೂ ಒಂದು ನಂಬರ್ ಕೊಟ್ಟು ಕಾರ್ಡಿನಲ್ಲೋ ರಸೀದಿಯಲ್ಲೋ ಹಾಕಿಕೊಡಿ. ಆನ್‌ಲೈನ್ ಬುಕಿಂಗ್‌ಗೆ ಒಟಿಪಿ ಇರಲಿ. ತಿಂಗಳಿಗೊಮ್ಮೆ ಪಟ್ಟಿ ನೋಡಿದರೆ ಹತ್ತು ನಿಮಿಷದ ಕೆಲಸ, ಎರಡು ವರ್ಷ ಬಿಟ್ಟರೆ ವಾರದ ಕೆಲಸ.

ಗ್ರಾಹಕರು ಏನು ಮಾಡಬಹುದು?

ಒಂದೇ ಬುಕಿಂಗ್‌ಗೆ ಎರಡೆರಡು ಮೆಸೇಜ್ ಬರ್ತಿದ್ದರೆ, ಕಟ್ಟಿದ ಫೀಸು ಬಾಕಿ ಅಂತ ತೋರಿಸ್ತಿದ್ದರೆ ಎರಡು ಖಾತೆ ಇರುವ ಸಾಧ್ಯತೆ ಇದೆ. ನಂಬರ್ ಬದಲಾದಾಗ ಕೌಂಟರಿನಲ್ಲಿ ತಿಳಿಸಿ. ನಿಮ್ಮ ಮಾಹಿತಿ ತಿದ್ದಿಸಿಕೊಳ್ಳೋ ಹಕ್ಕನ್ನು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಬರೆಯಲಾಗಿದೆ. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿದ್ದು, ಹಂತ ಹಂತವಾಗಿ ಜಾರಿಗೆ ಬರುತ್ತಿವೆ.

ಮಕ್ಕಳನ್ನು ಈಜಿಗೆ ಕಳಿಸೋ ಪೋಷಕರು ಮಾತ್ರ ಕಾಯ್ದೆಗಾಗಿ ಕಾಯೋದು ಬೇಡ. ಮುಂದಿನ ಸಲ ಬಿಡೋಕೆ ಹೋದಾಗ "ನಮ್ಮ ಮಗುವಿನ ಆರೋಗ್ಯದ ವಿಷಯ ನಿಮ್ಮ ಪಟ್ಟಿಯಲ್ಲಿ ಏನಂತ ಬರೆದಿದೆ, ಒಮ್ಮೆ ಓದಿ ಹೇಳಿ" ಅಂತ ಕೋಚ್‌ನ ಕೇಳಿ. ಖಾಲಿ ಇದೆ ಅಂದರೆ ಅಲ್ಲೇ ನಿಂತು ಬರೆಸಿಯೇ ಮಗುವನ್ನು ನೀರಿಗೆ ಬಿಡಿ.