ತುಂಗಭದ್ರೆಯ ನಾಡಿನ ಕಾಲೇಜುಗಳು

ಹೊಸಪೇಟೆಯ ವಿಜಯನಗರ ಕಾಲೇಜು ೧೯೬೪ರಲ್ಲಿ ಸ್ಥಾಪಿತವಾಯಿತು. ಅಂದಿನಿಂದ ಅದು ಹೊಸಪೇಟೆಯನ್ನು ಬಿಟ್ಟು ಕದಲಿಲ್ಲ; ಆದರೆ ಅಲ್ಲಿ ಓದಿದವರ ಪದವಿಪತ್ರದ ಮೇಲಿನ ವಿಶ್ವವಿದ್ಯಾಲಯದ ಮುದ್ರೆ ಎರಡು ಬಾರಿ ಬದಲಾಗಿದೆ. ಮೊದಲಿನವರದು ಧಾರವಾಡದ ಮುದ್ರೆ; ಅನಂತರದವರದು ಗುಲ್ಬರ್ಗದ್ದು; ೨೦೧೦ರ ತರುವಾಯ ಸೇರಿದವರದು ಬಳ್ಳಾರಿಯದು. ಈ ಬದಲಾವಣೆಗಳ ಹಿಂದೆ ಒಂದು ಸೀಮೆಯ ಜನರು ಉನ್ನತ ವಿದ್ಯೆಯನ್ನು ತಮ್ಮ ಮನೆಬಾಗಿಲಿಗೆ ತಂದುಕೊಂಡ ದೀರ್ಘವಾದ ಕಥೆಯಿದೆ.

ಕಾಲೇಜಿಗೂ ವಿಶ್ವವಿದ್ಯಾಲಯಕ್ಕೂ ಇರುವ ಸಂಬಂಧವನ್ನು ಮೊದಲು ತಿಳಿಯಬೇಕು. ಪಾಠ ಹೇಳುವುದು ಕಾಲೇಜು. ಪಠ್ಯಕ್ರಮವನ್ನು ಗೊತ್ತುಮಾಡಿ, ಪರೀಕ್ಷೆ ನಡೆಸಿ, ಪದವಿ ಕೊಡುವುದು ವಿಶ್ವವಿದ್ಯಾಲಯ. ಒಂದು ವಿಶ್ವವಿದ್ಯಾಲಯದ ವ್ಯಾಪ್ತಿಗೆ ಕೆಲವು ಜಿಲ್ಲೆಗಳು ಸೇರಿರುತ್ತವೆ. ಅಲ್ಲಿನ ಕಾಲೇಜುಗಳು ಅದರ ಮನ್ನಣೆ ಪಡೆದು ನಡೆಯುತ್ತವೆ. ವಿಶ್ವವಿದ್ಯಾಲಯ ದೂರವಿದ್ದಷ್ಟೂ ವಿದ್ಯಾರ್ಥಿಗೆ ತೊಂದರೆ ಹೆಚ್ಚು. ಒಂದು ಅಂಕಪಟ್ಟಿಯನ್ನು ತಿದ್ದಿಸಿಕೊಳ್ಳಲು ಎರಡು ದಿನದ ಪ್ರಯಾಣ ಮಾಡಬೇಕಾದರೆ ಬಡವನ ಮಗನಿಗೆ ಅದು ಸಣ್ಣ ಮಾತಲ್ಲ.

೧೮೦೦ರಲ್ಲಿ ಹೈದರಾಬಾದಿನ ನಿಜಾಮನು ಬಳ್ಳಾರಿ ಸೀಮೆಯನ್ನು ಇಂಗ್ಲಿಷರಿಗೆ ಬಿಟ್ಟುಕೊಟ್ಟನು. ಅಂದಿನಿಂದ ೧೯೫೩ರವರೆಗೆ ಈ ಕನ್ನಡ ನಾಡು ಮದರಾಸಿನ ಆಡಳಿತದಲ್ಲಿತ್ತು. ಸಂಡೂರು ಮಾತ್ರ ಘೋರ್ಪಡೆ ಮನೆತನದ ಪುಟ್ಟ ಸಂಸ್ಥಾನವಾಗಿ ಉಳಿದು, ೧೯೪೯ರಲ್ಲಿ ಮದರಾಸು ಪ್ರಾಂತದಲ್ಲಿ ವಿಲೀನವಾಯಿತು. ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನವರು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಇಂಗ್ಲಿಷ್ ವಿದ್ಯೆಗೆ ಅಡಿಪಾಯ ಹಾಕಿದ್ದರು. ಅವರ ವಾರ್ಡ್‌ಲಾ ಶಾಲೆ ಇಂದಿಗೂ ಆ ಊರಿನಲ್ಲಿ ಪ್ರಸಿದ್ಧವಾಗಿದೆ. ೧೯೧೬ರಲ್ಲಿ ಈ ದತ್ತಮಂಡಲಗಳಿಗಾಗಿ ಸರ್ಕಾರವು ಒಂದು ಕಾಲೇಜನ್ನು ತೆರೆಯಿತು. ಆದರೆ ತೆರೆದದ್ದು ಅನಂತಪುರದಲ್ಲಿ. ಕಂಪ್ಲಿಯ ರೈತನ ಮಗ ಪದವಿ ಪಡೆಯಬೇಕಾದರೆ ತೆಲುಗು ನಾಡಿಗೋ, ಇನ್ನೂ ದೂರದ ಮದರಾಸಿಗೋ ಹೋಗಿ ನೆಲೆಸಬೇಕಾಗಿತ್ತು. ಹೋಗಲಾರದವರ ಓದು ಹೈಸ್ಕೂಲಿಗೇ ಮುಗಿಯುತ್ತಿತ್ತು. ಹೆಣ್ಣುಮಕ್ಕಳ ಮಾತನ್ನಂತೂ ಹೇಳಬೇಕಾಗಿಲ್ಲ.

ಅದೇ ೧೯೧೬ರಲ್ಲಿ ಬಳ್ಳಾರಿಯಲ್ಲಿ ವೀರಶೈವ ವಿದ್ಯಾವರ್ಧಕ ಸಂಘವು ಹುಟ್ಟಿತು. ಸರ್ಕಾರದ ದಾರಿ ಕಾಯದೆ ಸಮಾಜದವರೇ ಹಣ ಕೂಡಿಸಿ ವಿದ್ಯಾಸಂಸ್ಥೆಗಳನ್ನು ನಡೆಸಬೇಕೆಂಬುದು ಅದರ ಉದ್ದೇಶ. ಆ ಕಾಲದಲ್ಲಿ ಕರ್ನಾಟಕದ ಬೇರೆ ಕಡೆಗಳಲ್ಲಿಯೂ ಇಂತಹ ಪ್ರಯತ್ನಗಳು ನಡೆದಿದ್ದವು. ಬೆಳಗಾವಿಯ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯೂ ೧೯೧೬ರಲ್ಲಿಯೇ ಆರಂಭವಾದುದು. ಮಠಗಳಲ್ಲಿ ಅನ್ನದಾಸೋಹ ನಡೆಸುತ್ತಿದ್ದ ಸಮಾಜಕ್ಕೆ ವಿದ್ಯಾದಾನದ ಕಲ್ಪನೆ ಹೊಸದಾಗಿರಲಿಲ್ಲ. ಆ ದಾನವು ಸದಸ್ಯತ್ವ, ಸಮಿತಿ, ಲೆಕ್ಕಪತ್ರಗಳ ರೂಪ ತಾಳಿದ್ದು ಹೊಸದು. ಸುಮಾರು ಮೂರು ದಶಕಗಳ ತರುವಾಯ, ೧೯೪೫ರಲ್ಲಿ, ಸಂಘವು ಬಳ್ಳಾರಿಯಲ್ಲಿ ವೀರಶೈವ ಕಾಲೇಜನ್ನು ತೆರೆಯಿತು.

ಅಮೆರಿಕ ದೇಶದಲ್ಲಿಯೂ ಇಂತಹದೇ ಕೊರತೆ ಇತ್ತು. ದೂರದ ವಿಶ್ವವಿದ್ಯಾಲಯಕ್ಕೆ ಹೋಗಲಾರದ ಮಕ್ಕಳಿಗಾಗಿ ಅಲ್ಲಿ ಸ್ಥಳೀಯ ಕಾಲೇಜುಗಳು ಹುಟ್ಟಿದವು. ೧೯೦೧ರಲ್ಲಿ ಆರಂಭವಾದ ಜೋಲಿಯೆಟ್ ನಗರದ ಕಾಲೇಜು ಅವುಗಳಲ್ಲಿ ಮೊದಲನೆಯದೆಂದು ಪ್ರಸಿದ್ಧವಾಗಿದೆ. ಮುಂದೆ ಅನೇಕ ಕಡೆಗಳಲ್ಲಿ ಸೀಮೆಯ ಜನರೆಲ್ಲ ತೆರಿಗೆ ತೆತ್ತು, ಮತ ಹಾಕಿ ಆಡಳಿತ ಮಂಡಲಿಯನ್ನು ಆರಿಸುವ ಪದ್ಧತಿ ಬೆಳೆಯಿತು. ಬಳ್ಳಾರಿಯ ಸಂಘದಲ್ಲಿಯೂ ಚುನಾವಣೆಯುಂಟು. ಆದರೆ ಮತದ ಹಕ್ಕು ಸದಸ್ಯರಿಗೆ ಮಾತ್ರ. ತರಗತಿಗಳಲ್ಲಿ ಎಲ್ಲ ಜಾತಿಮತಗಳ ಮಕ್ಕಳು ಕುಳಿತರೂ ಆಡಳಿತವು ಒಂದು ಸಮಾಜದ ಕೈಯಲ್ಲಿಯೇ ಉಳಿಯಿತು. ಇದನ್ನು ಸಂಸ್ಥೆಯ ಮಿತಿಯೆನ್ನಬಹುದು. ಆದರೂ ಆ ಕಾಲದಲ್ಲಿ ಸಮಾಜವು ಮುಂದೆ ಬಾರದಿದ್ದರೆ ಕಾಲೇಜು ಇನ್ನೆಷ್ಟು ವರ್ಷ ತಡವಾಗುತ್ತಿತ್ತೋ ಹೇಳುವುದು ಕಷ್ಟ.

೧೯೫೩ರ ಅಕ್ಟೋಬರ್ ೧ರಂದು ಬಳ್ಳಾರಿ, ಹೊಸಪೇಟೆ, ಸಂಡೂರು ಮೊದಲಾದ ತಾಲ್ಲೂಕುಗಳು ಮೈಸೂರು ರಾಜ್ಯವನ್ನು ಸೇರಿದವು. ಆದೋನಿ, ಆಲೂರು, ರಾಯದುರ್ಗಗಳು ಆಂಧ್ರಕ್ಕೆ ಹೋದವು. ಅದೇ ವರ್ಷದಲ್ಲಿ ತುಂಗಭದ್ರಾ ಅಣೆಕಟ್ಟು ನೀರನ್ನು ತಡೆದು ನಿಂತಿತು. ವಿಜಯನಗರದ ಅರಸರು ತೋಡಿಸಿದ ಕಾಲುವೆಗಳಿಂದ ಹೊಸಪೇಟೆಯ ಸುತ್ತ ಕಬ್ಬು, ಬಾಳೆ, ಬತ್ತಗಳು ಮೊದಲಿನಿಂದಲೂ ಬೆಳೆಯುತ್ತಿದ್ದವು; ಈಗ ನೀರಾವರಿ ವಿಸ್ತರಿಸಿತು. ಇತ್ತ ಸಂಡೂರಿನ ಬೆಟ್ಟಗಳ ಕಬ್ಬಿಣದ ಅದಿರಿಗೂ ಬೇಡಿಕೆ ಬಂದಿತು. ಊರು ಬೆಳೆದಂತೆ ಓದುವ ಮಕ್ಕಳೂ ಹೆಚ್ಚಿದರು. ೧೯೬೧ರಲ್ಲಿ ಬಳ್ಳಾರಿಯಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಆರಂಭವಾಯಿತು. ೧೯೬೪ರಲ್ಲಿ ಸಂಘವು ಹೊಸಪೇಟೆಯಲ್ಲಿ ವಿಜಯನಗರ ಕಾಲೇಜನ್ನು ಸ್ಥಾಪಿಸಿತು. ಸುತ್ತಣ ಹಳ್ಳಿಗಳ ಹುಡುಗರು ಬೆಳಿಗ್ಗೆ ಮನೆ ಬಿಟ್ಟು ಸಂಜೆಗೆ ಮನೆ ಸೇರುವಂತಾದುದೇ ಇದರ ದೊಡ್ಡ ಪ್ರಯೋಜನ. ಮಗಳನ್ನು ಪರಸ್ಥಳದಲ್ಲಿರಿಸಿ ಓದಿಸಲು ಹಿಂಜರಿಯುತ್ತಿದ್ದ ತಂದೆತಾಯಿಗಳಿಗೂ ಒಂದು ದಾರಿ ತೆರೆಯಿತು.

ಆದರೆ ಪರೀಕ್ಷೆ, ಪದವಿಗಳ ಕೇಂದ್ರ ದೂರವೇ ಉಳಿದಿತ್ತು. ಧಾರವಾಡಕ್ಕಾದರೋ ಹುಬ್ಬಳ್ಳಿಯ ರೈಲಿನಲ್ಲಿ ಹೋಗಿಬರಬಹುದಾಗಿತ್ತು. ೧೯೮೦ರಲ್ಲಿ ಗುಲ್ಬರ್ಗ ವಿಶ್ವವಿದ್ಯಾಲಯವು ಹುಟ್ಟಿ ಬಳ್ಳಾರಿ ಜಿಲ್ಲೆಯು ಅದಕ್ಕೆ ಸೇರಿದಾಗ ಹೊಸಪೇಟೆಯವರಿಗೆ ದಾರಿ ಕಡಿಮೆಯಾಗುವ ಬದಲು ಹೆಚ್ಚಿತು. ಅದು ಇನ್ನೂರು ಕಿಲೋಮೀಟರಿಗೂ ಮಿಕ್ಕಿದ ಪ್ರಯಾಣ. ಸಂಡೂರಿನ ಬಳಿಯ ನಂದಿಹಳ್ಳಿಯಲ್ಲಿ ಆ ವಿಶ್ವವಿದ್ಯಾಲಯವು ಸ್ನಾತಕೋತ್ತರ ಕೇಂದ್ರವನ್ನು ತೆರೆದುದರಿಂದ ಸ್ವಲ್ಪ ಅನುಕೂಲವಾಯಿತು. ೨೦೧೦ರಲ್ಲಿ ಬಳ್ಳಾರಿಯಲ್ಲಿ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯವು ಸ್ಥಾಪಿತವಾದ ಬಳಿಕ ಆ ದಾರಿ ಸುಮಾರು ೬೦ ಕಿಲೋಮೀಟರಿಗೆ ಇಳಿಯಿತು; ನಂದಿಹಳ್ಳಿಯ ಕೇಂದ್ರವೂ ಅದಕ್ಕೇ ಸೇರಿತು. ೨೦೧೨ರ ಕೊನೆಯಲ್ಲಿ ಸಂಸತ್ತು ಅಂಗೀಕರಿಸಿದ ಸಂವಿಧಾನದ ೩೭೧ಜೆ ವಿಧಿಯು ಈ ಭಾಗದ ವಿದ್ಯಾಸಂಸ್ಥೆಗಳಲ್ಲಿ ಸ್ಥಳೀಯರಿಗೆ ಸ್ಥಾನಗಳನ್ನು ಮೀಸಲಿಡಲು ಅವಕಾಶ ಕಲ್ಪಿಸಿತು.

ಇಲ್ಲಿ ಒಂದು ಸಂದೇಹ ಏಳಬಹುದು. ಹೊಸಪೇಟೆಗೆ ಕೂಗಳತೆಯಲ್ಲಿ, ಕಮಲಾಪುರದ ಬಳಿ, ಹಂಪಿಯ ಕನ್ನಡ ವಿಶ್ವವಿದ್ಯಾಲಯವೇ ಇರುವಾಗ ಬಳ್ಳಾರಿಗೇಕೆ ಹೋಗಬೇಕು? ೧೯೯೧ರ ಕಾಯಿದೆಯಿಂದ ರೂಪುಗೊಂಡ ಆ ವಿಶ್ವವಿದ್ಯಾಲಯದ ಉದ್ದೇಶವೇ ಬೇರೆ. ಚಂದ್ರಶೇಖರ ಕಂಬಾರರು ಅದರ ಮೊದಲ ಕುಲಪತಿಗಳು. ಕನ್ನಡದ ಭಾಷೆ, ಸಾಹಿತ್ಯ, ಇತಿಹಾಸ, ಜಾನಪದ, ಬುಡಕಟ್ಟು ಜನರ ಬದುಕು, ಹಸ್ತಪ್ರತಿಗಳು, ಇವುಗಳ ಸಂಶೋಧನೆಯೇ ಅಲ್ಲಿನ ಮುಖ್ಯ ಕಾರ್ಯ. ಸಂಶೋಧನೆಯ ಫಲವನ್ನು ಅದರ ಪ್ರಸಾರಾಂಗವು ಪುಸ್ತಕಗಳಾಗಿ ಪ್ರಕಟಿಸುತ್ತದೆ. ಬಿ.ಎ., ಬಿ.ಕಾಂ. ಕಾಲೇಜುಗಳು ಅದರ ಅಧೀನದಲ್ಲಿಲ್ಲ. ಆದುದರಿಂದ ಅದರ ಹತ್ತಿರದಲ್ಲಿಯೇ ವಾಸಿಸುವ ಕಮಲಾಪುರದ ವಿದ್ಯಾರ್ಥಿಯೂ ಹೊಸಪೇಟೆಯಲ್ಲಿ ಓದಿ ಬಳ್ಳಾರಿಯ ಪದವಿ ಪಡೆಯುತ್ತಾನೆ.

೨೦೨೧ರಲ್ಲಿ ಬಳ್ಳಾರಿ ಜಿಲ್ಲೆಯು ಒಡೆದು, ಹೊಸಪೇಟೆಯು ವಿಜಯನಗರವೆಂಬ ಹೊಸ ಜಿಲ್ಲೆಯ ಕೇಂದ್ರವಾಯಿತು. ಹಂಪಿಯು ಹೊಸ ಜಿಲ್ಲೆಗೆ ಬಂದರೆ, ಕಂಪ್ಲಿ, ಸಂಡೂರುಗಳು ಬಳ್ಳಾರಿಯಲ್ಲಿಯೇ ಉಳಿದವು. ಜಿಲ್ಲಾ ಕಚೇರಿಗಳು ಬೇರೆಯಾದವು, ವಿಶ್ವವಿದ್ಯಾಲಯ ಬೇರೆಯಾಗಲಿಲ್ಲ. ಕಂಪ್ಲಿ, ಸಂಡೂರುಗಳ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ ವಿದ್ಯಾರ್ಥಿಗಳಿಗೂ ಹೊಸಪೇಟೆಯ ವಿಜಯನಗರ ಕಾಲೇಜಿನವರಿಗೂ ಪದವಿ ಕೊಡುವುದು ಬಳ್ಳಾರಿಯ ವಿಶ್ವವಿದ್ಯಾಲಯವೇ.