ಅರ್ಧಕ್ಕೆ ನಿಂತ ಟಾಪು

ಮರುದಿನ ಬೆಳಿಗ್ಗೆ ಹೀಟ್ ಟ್ರಾನ್ಸ್‌ಫರ್ ಇಂಟರ್ನಲ್ಸ್. ರಾತ್ರಿ ಹನ್ನೊಂದೂವರೆಯಾಗಿತ್ತು. ಹಾಸ್ಟೆಲ್ ರೂಮಿನಲ್ಲಿ ಮೂವರು ಫಾರ್ಮುಲಾ ಉರುಹೊಡೆಯುತ್ತಿದ್ದರೆ, ನಾನು ಮಾತ್ರ ಅಮೆರಿಕದ ಮಿಷಿಗನ್‌ನಲ್ಲಿ ಮಾರಾಟಕ್ಕಿದ್ದ ಒಂದು ಹಳೇ ಕಾರಿನ ಜಾಹೀರಾತಿನೊಳಗೆ ಮುಳುಗಿಹೋಗಿದ್ದೆ. 1961ರ ಲಿಂಕನ್ ಕಾಂಟಿನೆಂಟಲ್. ನಾಲ್ಕು ಬಾಗಿಲಿನ ಕನ್ವರ್ಟಿಬಲ್. ಕಪ್ಪು ಬಣ್ಣ, ಕೆಂಪು ಸೀಟು. ಎಂಜಿನ್ ಚೆನ್ನಾಗಿದೆ, ಟಾಪ್ ಕೆಲಸ ಮಾಡುವುದಿಲ್ಲ, ಬೆಲೆ 32 ಸಾವಿರ ಡಾಲರ್.

ರೂಪಾಯಿಗೆ ಬದಲಾಯಿಸಿ ನೋಡಿದೆ. ನೋಡಬಾರದಿತ್ತು. ತಿಪಟೂರಿನ ನಮ್ಮ ಮನೆ, ಅಪ್ಪನ ಗ್ಯಾರೇಜಿನ ಸಾಮಾನು, ನನ್ನ ಎಜುಕೇಷನ್ ಲೋನ್ ಎಲ್ಲ ಕಣ್ಣ ಮುಂದೆ ಸಾಲಾಗಿ ನಿಂತವು. ಸರಿ, ಕೊಳ್ಳುವ ಮಾತಿಲ್ಲ. ಆದರೂ ನಲವತ್ತೆಂಟು ಫೋಟೊಗಳನ್ನೂ ನೋಡಿದೆ. ಮತ್ತೆ ಮೊದಲಿನಿಂದ ನೋಡಿದೆ.

ಈ ಹುಚ್ಚಿಗೆ ಕಾರಣ ಹೇಳಬೇಕೆಂದರೆ ಕಾರಿನ ಆಕಾರದಿಂದಲೇ ಶುರುಮಾಡಬೇಕು. ಐವತ್ತರ ದಶಕದ ಕೊನೆಯ ಅಮೆರಿಕನ್ ಐಷಾರಾಮಿ ಕಾರುಗಳನ್ನು ನೀವು ಚಿತ್ರಗಳಲ್ಲಿ ನೋಡಿರುತ್ತೀರಿ. ಹಿಂದೆ ರಾಕೆಟ್ಟಿನ ರೆಕ್ಕೆ, ಮುಂದೆ ಹಲ್ಲುಕಿರಿದ ಕ್ರೋಮ್, ಮದುವೆ ಮನೆಯ ಚಪ್ಪರದಂಥ ಅಲಂಕಾರ. 1959ರ ಕ್ಯಾಡಿಲಾಕ್ ಅದರ ಶಿಖರ. ಲಿಂಕನ್ ಕೂಡ ಹಿಂದೆ ಬಿದ್ದಿರಲಿಲ್ಲ. 1960ರ ಲಿಂಕನ್ ಕಾರಿನ ಉದ್ದ ಐದೂಮುಕ್ಕಾಲು ಮೀಟರಿಗೂ ಜಾಸ್ತಿ. ಆದರೆ ಆ ಕಾರುಗಳು ಫೋರ್ಡ್ ಕಂಪನಿಗೆ ಬರೀ ನಷ್ಟ ತಂದವು. ಲಿಂಕನ್ ಹೆಸರನ್ನೇ ಮುಚ್ಚಿಬಿಡೋಣವೇ ಎಂಬ ಮಾತು ನಡೆದಿತ್ತಂತೆ.

ಆಗ ಎಲ್ವುಡ್ ಎಂಗೆಲ್ ಎಂಬ ಡಿಸೈನರ್ ಬೇರೊಂದು ಕಾರಿಗಾಗಿ, ಫೋರ್ಡ್ ಥಂಡರ್‌ಬರ್ಡ್‌ಗಾಗಿ, ಮಾಡಿದ್ದ ಮಾದರಿಯೊಂದು ಸ್ಟುಡಿಯೋದಲ್ಲಿ ನಿಂತಿತ್ತು. ಅದನ್ನು ನೋಡಿದವರು ರಾಬರ್ಟ್ ಮೆಕ್ನಮಾರ, ಆಗ ಫೋರ್ಡ್‌ನ ದೊಡ್ಡ ಅಧಿಕಾರಿ. ಮುಂದೆ ಕೆನಡಿ ಸರ್ಕಾರದ ರಕ್ಷಣಾ ಕಾರ್ಯದರ್ಶಿಯಾದವರು ಇವರೇ. ಇದನ್ನೇ ನಾಲ್ಕು ಬಾಗಿಲಿನ ಲಿಂಕನ್ ಮಾಡಲು ಆಗುತ್ತದೆಯೇ ಎಂದು ಅವರು ಕೇಳಿದರು. ಆಯಿತು. ರೆಕ್ಕೆ ಹೋಯಿತು, ಕ್ರೋಮ್ ಕರಗಿತು. ಮುಂದಿನ ದೀಪದಿಂದ ಹಿಂದಿನ ದೀಪದವರೆಗೆ ಸ್ಕೇಲಿಟ್ಟು ಎಳೆದ ಹಾಗೆ ಒಂದೇ ಗೆರೆ, ಆ ಗೆರೆಯ ಮೇಲೆ ಮಾತ್ರ ತೆಳುವಾದ ಹೊಳಪಿನ ಅಂಚು. ಉದ್ದ ಸುಮಾರು 5.4 ಮೀಟರಿಗೆ ಇಳಿಯಿತು. ಹಳೆಯದಕ್ಕಿಂತ ಒಂದು ಅಡಿಗೂ ಹೆಚ್ಚು ಗಿಡ್ಡ! ಐಷಾರಾಮಿ ಕಾರು ವರ್ಷ ವರ್ಷ ಉದ್ದವಾಗಲೇಬೇಕು ಎಂದು ನಂಬಿದ್ದ ದೇಶದಲ್ಲಿ ಇದು ಸಣ್ಣ ಧೈರ್ಯವಲ್ಲ.

ಬಾಗಿಲುಗಳು ಇನ್ನೊಂದು ಸೊಗಸು. ನಮ್ಮ ಬೀರುವಿನ ಬಾಗಿಲಿನಂತೆ ಮುಂದಿನದು ಮುಂದಕ್ಕೆ, ಹಿಂದಿನದು ಹಿಂದಕ್ಕೆ ತೆರೆಯುತ್ತವೆ. ನೋಟಕ್ಕಾಗಿ ಮಾಡಿದ್ದು ಅಂದುಕೊಂಡಿದ್ದೆ. ಕಾರಣ ಅದಲ್ಲವಂತೆ. ಮಾದರಿಯಲ್ಲಿ ಹಿಂದಿನ ಸೀಟಿನಿಂದ ಇಳಿಯುವಾಗ ಎಂಜಿನಿಯರುಗಳ ಕಾಲು ಬಾಗಿಲಿಗೆ ತಾಗುತ್ತಿತ್ತು. ಕಾರನ್ನು ಉದ್ದ ಮಾಡುವ ಬದಲು ಕೀಲನ್ನು ಆಚೆ ಬದಿಗೆ ಹಾಕಿಬಿಟ್ಟರು. ಕಾಲು ತಾಗಿದ್ದರಿಂದ ಹುಟ್ಟಿದ ಬಾಗಿಲು ಆಮೇಲೆ ಲಿಂಕನ್ನಿನ ಗುರುತಾಯಿತು. 2019ರಲ್ಲಿ ಕಾಂಟಿನೆಂಟಲ್‌ನ ಎಂಬತ್ತನೇ ವರ್ಷಕ್ಕೆಂದು ಕಂಪನಿಯವರು ಇಂಥದೇ ಬಾಗಿಲಿನ ಎಂಬತ್ತು ಕಾರು ಮಾಡಿ, ಒಂದೊಂದನ್ನೂ ಒಂದು ಲಕ್ಷ ಡಾಲರಿಗೂ ಹೆಚ್ಚು ಬೆಲೆಗೆ ಮಾರಿದರು.

1961ರಲ್ಲಿ ಸೆಡಾನ್ ಮತ್ತು ಕನ್ವರ್ಟಿಬಲ್ ಸೇರಿ ಇಪ್ಪತ್ತೈದು ಸಾವಿರದಷ್ಟು ಕಾರುಗಳು ತಯಾರಾದವು. ಅದರಲ್ಲಿ ಕನ್ವರ್ಟಿಬಲ್ ಬರೀ 2,857. ಹೊಸದಾಗಿದ್ದಾಗ ಅದರ ಬೆಲೆ 6,713 ಡಾಲರ್. ಬಾನೆಟ್ ಕೆಳಗೆ 7 ಲೀಟರಿನ ವಿ-8 ಎಂಜಿನ್, 300 ಅಶ್ವಶಕ್ತಿ. ಮೆಕ್ಯಾನಿಕಲ್‌ನವರಿಗಾಗಿ ಒಂದು ಮಾತು: ಈ ಎಂಜಿನ್ನಿನ ಸಿಲಿಂಡರ್ ಹೆಡ್‌ನ ತಳ ಚಪ್ಪಟೆ. ದಹನ ನಡೆಯುವ ಜಾಗ ಹೆಡ್‌ನಲ್ಲಿಲ್ಲ, ಬ್ಲಾಕಿನ ಮೇಲ್ಭಾಗವನ್ನೇ ಓರೆಯಾಗಿ ಕತ್ತರಿಸಿ ಮಾಡಿದ್ದಾರೆ. ನಮ್ಮ ಪಠ್ಯಪುಸ್ತಕದ ಚಿತ್ರದಲ್ಲಿ ಇರುವುದೇ ಬೇರೆ. ನಾನು ಈ ಚಿತ್ರವನ್ನು ಮೇಷ್ಟರಿಗೆ ತೋರಿಸಿದಾಗ ಅವರು ಎರಡು ನಿಮಿಷ ಸುಮ್ಮನೆ ನೋಡಿ, ಪರೀಕ್ಷೆಗೆ ಇದನ್ನು ಬರೆಯಬೇಡ ಅಂದರು.

ಕಾರ್ಖಾನೆಯಲ್ಲಿ ಈ ಎಂಜಿನ್‌ಗಳನ್ನು ಒಂದೊಂದಾಗಿ ಮೂರು ಗಂಟೆ ಓಡಿಸಿ, ಬಿಚ್ಚಿ ನೋಡಿ, ಮತ್ತೆ ಜೋಡಿಸುತ್ತಿದ್ದರು. ಪ್ರತಿ ಕಾರನ್ನೂ ಹನ್ನೆರಡು ಮೈಲಿ ರಸ್ತೆಯಲ್ಲಿ ಓಡಿಸಿದ ಮೇಲೆಯೇ ಹೊರಗೆ ಬಿಡುತ್ತಿದ್ದದ್ದು. ಆ ನಂಬಿಕೆಯ ಮೇಲೆ ಎರಡು ವರ್ಷ ಅಥವಾ 24 ಸಾವಿರ ಮೈಲಿ ವಾರಂಟಿ ಕೊಟ್ಟರು. ಆ ಕಾಲಕ್ಕೆ ಅದು ಬೇರೆಯವರು ಕೊಡುತ್ತಿದ್ದುದರ ದುಪ್ಪಟ್ಟು.

ಹಾಗೆಂದು ಎಲ್ಲವೂ ಚೆನ್ನಾಗಿತ್ತು ಅಂತಲ್ಲ. 2,300 ಕೆ.ಜಿ.ಗೂ ಮೀರಿದ ಈ ಆನೆಯನ್ನು ನಿಲ್ಲಿಸಲು ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು. ಮುಂದಿನ ಚಕ್ರಕ್ಕೆ ಡಿಸ್ಕ್ ಬಂದದ್ದು 1965ರ ಮಾಡೆಲ್‌ಗೆ. ಲೀಟರಿಗೆ ನಾಲ್ಕೈದು ಕಿಲೋಮೀಟರ್ ಕೊಟ್ಟರೆ ಪುಣ್ಯ. ನಮ್ಮ ಘಾಟಿ ರಸ್ತೆಯಲ್ಲಿ ಇದನ್ನು ಇಳಿಸುವುದನ್ನು ಊಹಿಸಿಕೊಂಡರೇ ಅಂಗೈ ಬೆವರುತ್ತದೆ. ಇನ್ನು ಈ ಕಾರಿನ ಹೆಸರು ಜಗತ್ತಿಗೆಲ್ಲ ಗೊತ್ತಾದದ್ದು ಒಂದು ಸಾವಿನಿಂದ. 1963ರ ನವೆಂಬರ್ 22ರಂದು ಡಲ್ಲಾಸ್‌ನಲ್ಲಿ ಅಧ್ಯಕ್ಷ ಕೆನಡಿ ಕೂತಿದ್ದದ್ದು 1961ರ ಕಾಂಟಿನೆಂಟಲ್ ಅನ್ನೇ ಉದ್ದ ಮಾಡಿಸಿದ ಗಾಡಿಯಲ್ಲಿ. ನನಗೆ ಆಶ್ಚರ್ಯವೆನಿಸಿದ್ದು ಆಮೇಲಿನ ಕಥೆ. ಆ ಗಾಡಿಯನ್ನು ಗುಜರಿಗೆ ಹಾಕಲಿಲ್ಲ. ರಕ್ಷಾಕವಚ, ಗಟ್ಟಿ ಮಾಡು ಹಾಕಿಸಿ ಮತ್ತೆ ಕೆಲಸಕ್ಕೆ ಇಳಿಸಿದರು. 1977ರವರೆಗೆ ಅದು ಓಡಿತು. ಈಗ ಡಿಯರ್‌ಬಾರ್ನ್‌ನ ಹೆನ್ರಿ ಫೋರ್ಡ್ ಮ್ಯೂಸಿಯಂನಲ್ಲಿ ನಿಂತಿದೆ.

ಇರಲಿ. ನನ್ನನ್ನು ಹಿಡಿದು ಕೂರಿಸಿದ್ದು ಜಾಹೀರಾತಿನ ಕೊನೆಯಲ್ಲಿದ್ದ ನಲವತ್ತು ಸೆಕೆಂಡಿನ ವಿಡಿಯೋ. ಟಾಪ್ ಯಾಕೆ ಕೆಲಸ ಮಾಡುತ್ತಿಲ್ಲ ಎಂದು ತೋರಿಸಲು ಮಾರುವವನು ಹಾಕಿದ್ದ. ಸ್ವಿಚ್ ಒತ್ತುತ್ತಾನೆ. ಡಿಕ್ಕಿಯ ಮುಚ್ಚಳ ಹಿಂದುಮುಂದಾಗಿ, ಅಂದರೆ ಕ್ಯಾಬಿನ್ ಕಡೆಯಿಂದ, ಗಾಂಭೀರ್ಯದಿಂದ ಮೇಲೇಳುತ್ತದೆ. ಪೂರ್ತಿ ಏಳುತ್ತದೆ. ಅಷ್ಟೇ. ಅಲ್ಲಿಗೆ ನಾಟಕ ಮುಗಿಯಿತು.

ಇದರ ಒಳಗುಟ್ಟು ಕೇಳಿ. ಈ ಕಾರಿನ ಬಟ್ಟೆಯ ಮಾಡು ಮಡಚಿಕೊಂಡು ಡಿಕ್ಕಿಯೊಳಗೆ ಪೂರ್ತಿ ಮರೆಯಾಗಬೇಕು. ಅದಕ್ಕೆ ಮೊದಲು ಡಿಕ್ಕಿಯ ಬೀಗ ಬಿಚ್ಚಬೇಕು, ಹೈಡ್ರಾಲಿಕ್ ಸಿಲಿಂಡರ್ ಮುಚ್ಚಳವನ್ನು ಎತ್ತಬೇಕು, ಮುಂದಿನ ಗಾಜಿನ ಮೇಲಂಚಿನಲ್ಲಿ ಮಾಡನ್ನು ಹಿಡಿದಿರುವ ಸ್ಕ್ರೂಗಳನ್ನು ಮೋಟಾರು ತಿರುಗಿಸಿ ಬಿಡಿಸಬೇಕು, ಮಾಡು ಎದ್ದು ಹಿಂದಕ್ಕೆ ಮಡಚಬೇಕು, ಮುಚ್ಚಳ ಇಳಿಯಬೇಕು, ಮತ್ತೆ ಬೀಗ ಬೀಳಬೇಕು. ಒಂದು ಮುಗಿಯುವ ಮೊದಲು ಇನ್ನೊಂದು ಶುರುವಾದರೆ ತಗಡಿಗೆ ತಗಡು ಬಡಿಯುತ್ತದೆ. ಇಷ್ಟನ್ನೂ ನಡೆಸಲು ಕಾರಿನಲ್ಲಿ ಒಂದೇ ಒಂದು ಚಿಪ್ ಇಲ್ಲ. 1961ರಲ್ಲಿ ಎಲ್ಲಿಂದ ಬರಬೇಕು? ಇರುವುದು ರಿಲೇಗಳು ಮತ್ತು ಲಿಮಿಟ್ ಸ್ವಿಚ್‌ಗಳು ಮಾತ್ರ. ಒಂದು ಕೆಲಸ ಮುಗಿದಾಗ ಆ ಭಾಗವೇ ಹೋಗಿ ಒಂದು ಸ್ವಿಚ್ಚನ್ನು ಒತ್ತುತ್ತದೆ, ಆ ಸ್ವಿಚ್ಚು ಮುಂದಿನ ರಿಲೇಯನ್ನು ಎಬ್ಬಿಸುತ್ತದೆ. ಕಬಡ್ಡಿಯಲ್ಲ, ರಿಲೇ ಓಟ. ಕೈಗೆ ಕೋಲು ಬರದೆ ಯಾರೂ ಓಡುವ ಹಾಗಿಲ್ಲ. ಫೋರ್ಡ್‌ನವರು ಇದನ್ನು 1957ರಿಂದ 59ರವರೆಗೆ ಬಂದ ಸ್ಕೈಲೈನರ್ ಎಂಬ ಕಾರಿನಲ್ಲಿ ಕಲಿತಿದ್ದರು. ಅದರಲ್ಲಿ ಬಟ್ಟೆಯಲ್ಲ, ಉಕ್ಕಿನ ಮಾಡೇ ಡಿಕ್ಕಿಯೊಳಗೆ ಹೋಗುತ್ತಿತ್ತು.

ಈ ಸೆಮ್‌ನಲ್ಲಿ ನಮಗೆ ಪಿಎಲ್‌ಸಿ ಲ್ಯಾಬ್ ಇದೆ. ಏಣಿಯಂಥ ಚಿತ್ರ ಬರೆದು ದೀಪ ಹತ್ತಿಸುವುದು, ಮೋಟಾರು ಓಡಿಸುವುದು. ನಿಜ ಹೇಳುತ್ತೇನೆ, ಐದು ವಾರ ನನಗೆ ಏನೂ ಅರ್ಥವಾಗಿರಲಿಲ್ಲ. ಪಕ್ಕದವನ ರೆಕಾರ್ಡ್ ನೋಡಿ ಬರೆಯುತ್ತಿದ್ದೆ. ಪಿಎಲ್‌ಸಿ ಹುಟ್ಟಿದ್ದೇ ಅರವತ್ತರ ದಶಕದ ಕೊನೆಯಲ್ಲಿ, ಅಮೆರಿಕದ ಜನರಲ್ ಮೋಟಾರ್ಸ್ ಕಾರ್ಖಾನೆಯ ಬೀರುಗಟ್ಟಲೆ ರಿಲೇಗಳನ್ನು ತೆಗೆದುಹಾಕಲು ಎಂದು ಮೇಷ್ಟರು ಹೇಳಿದ್ದು ಒಂದು ಕಿವಿಯಿಂದ ಇನ್ನೊಂದು ಕಿವಿಗೆ ಹೋಗಿತ್ತು. ಲಿಂಕನ್ನಿನ ಡಿಕ್ಕಿ ನೋಡಿದ ರಾತ್ರಿ ಆ ಏಣಿಯ ಮೆಟ್ಟಿಲುಗಳೆಲ್ಲ ತಾವಾಗಿ ಜಾಗಕ್ಕೆ ಕೂತವು. ಇಂಟರ್ನಲ್ಸ್ ಮಾತ್ರ ಹೋಯಿತು, ಅದು ಬೇರೆ ವಿಷಯ.

ಆ ಶನಿವಾರ ಊರಿಗೆ ಹೋದಾಗ ಅಪ್ಪನಿಗೆ ವಿಡಿಯೋ ತೋರಿಸಿದೆ.

ಅಪ್ಪನ ಬಗ್ಗೆ ಸ್ವಲ್ಪ ಹೇಳಬೇಕು. ಇಪ್ಪತ್ತೇಳು ವರ್ಷದಿಂದ ಗ್ಯಾರೇಜು. ಅಂಬಾಸಿಡರ್, ಜೀಪು, ಓಮ್ನಿ, ಏನೇ ಬರಲಿ, ಬಾನೆಟ್ ಎತ್ತುವ ಮೊದಲು ಶಬ್ದ ಕೇಳಿಯೇ ಅರ್ಧ ಕಾಯಿಲೆ ಹೇಳುತ್ತಿದ್ದರು. ಈಗ ಬರುವ ಕಾರುಗಳ ಎಂಜಿನ್ ಮೇಲೆ ಪ್ಲಾಸ್ಟಿಕ್ ಮುಚ್ಚಳ, ಒಳಗೆ ಕಂಪ್ಯೂಟರು. ಡ್ಯಾಶ್‌ಬೋರ್ಡಿನಲ್ಲಿ ಒಂದು ಹಳದಿ ದೀಪ ಹತ್ತಿದರೆ ಅದು ಏನೆಂದು ಓದಲು ಒಂದು ಸ್ಕ್ಯಾನರು, ಆ ಸ್ಕ್ಯಾನರಿಗೆ ವರ್ಷ ವರ್ಷ ದುಡ್ಡು. ಅಪ್ಪ ಒಮ್ಮೆ ಕೊಂಡರು, ಎರಡನೇ ವರ್ಷ ದುಡ್ಡು ಕಟ್ಟಲಿಲ್ಲ. ದಸರಾ ಹೊತ್ತಿಗೆ ಜಾಗವನ್ನು ಮೊಬೈಲ್ ಅಂಗಡಿಯವನಿಗೆ ಬಾಡಿಗೆಗೆ ಕೊಟ್ಟುಬಿಡೋಣ ಎಂಬ ಮಾತು ಮನೆಯಲ್ಲಿ ಶುರುವಾಗಿತ್ತು. ನಾನು ಮೆಕ್ಯಾನಿಕಲ್ ತೆಗೆದುಕೊಂಡದ್ದೂ ಅಪ್ಪನಿಗೆ ಇಷ್ಟವಿರಲಿಲ್ಲ. ಕೈಗೆ ಗ್ರೀಸ್ ಹತ್ತಿಸಿಕೊಳ್ಳಲು ಬಿಇ ಯಾಕೆ ಬೇಕು, ಕಂಪ್ಯೂಟರ್ ಸೈನ್ಸ್ ತಗೊ ಅಂದಿದ್ದರು. ನಮ್ಮ ಸೀನಿಯರ್‌ಗಳಲ್ಲಿ ಮುಕ್ಕಾಲು ಪಾಲು ಮೂರನೇ ವರ್ಷದಿಂದ ಕೋಡಿಂಗ್ ಕಲಿತು ಸಾಫ್ಟ್‌ವೇರಿಗೇ ಹೋದವರು; ನಾನೂ ರಾತ್ರಿ ಹೊತ್ತು ಅದನ್ನೇ ಕಲಿಯುತ್ತಿದ್ದೇನೆ. ಆ ಮಟ್ಟಿಗೆ ಅಪ್ಪ ಹೇಳಿದ್ದು ಸುಳ್ಳಾಗಿಲ್ಲ.

ಅಪ್ಪ ವಿಡಿಯೋ ಒಮ್ಮೆ ನೋಡಿ, ಸೌಂಡ್ ಜಾಸ್ತಿ ಮಾಡು ಅಂದರು. ಎರಡನೇ ಸಲ ಫೋನನ್ನು ಕಿವಿಗೆ ಹಿಡಿದುಕೊಂಡರು. ಮುಚ್ಚಳ ಮೇಲೇರಿ ನಿಂತ ಮೇಲೂ ಪಂಪಿನ ಗುಂಯ್ ಶಬ್ದ ನಿಂತಿರಲಿಲ್ಲ. ಆತ ಸ್ವಿಚ್‌ನಿಂದ ಬೆರಳು ತೆಗೆಯುವವರೆಗೂ ಅದು ಕೂಗುತ್ತಲೇ ಇತ್ತು.

"ಮೋಟಾರೂ ಸರಿ ಇದೆ, ಎಣ್ಣೆ ಪ್ರೆಷರೂ ಸರಿ ಇದೆ. ಮುಚ್ಚಳ ಪೂರ್ತಿ ಎದ್ದಿದೆ ಅಂತ ಅದಕ್ಕೆ ಯಾರೂ ಹೇಳಿಲ್ಲ, ಅಷ್ಟೇ," ಅಂದರು ಅಪ್ಪ.

ಅಪ್ಪ ಆ ಕಾರಿನ ಹೆಸರನ್ನು ಅದೇ ಮೊದಲು ಕೇಳಿದ್ದು.

ಶಬ್ದ ನಿಂತಿದ್ದು ಮುಂದಿನ ಕೆಲಸ ಶುರುವಾಗದಿದ್ದರೆ ದೋಷ ಮುಂದಿನ ರಿಲೇಯಲ್ಲಿ ಎನ್ನಬಹುದಿತ್ತು. ಶಬ್ದ ನಿಲ್ಲಲಿಲ್ಲ ಅಂದರೆ ಕೋಲು ಇನ್ನೂ ಮೊದಲ ಓಟಗಾರನ ಕೈಯಲ್ಲೇ ಇದೆ. ರಾತ್ರಿ ಇಬ್ಬರೂ ಕೂತು ಹಳೆಯ ಶಾಪ್ ಮ್ಯಾನುಯಲ್‌ನ ವೈರಿಂಗ್ ಚಿತ್ರವೊಂದನ್ನು ಹುಡುಕಿ ತೆಗೆದೆವು. ಅಪ್ಪನಿಗೆ ಇಂಗ್ಲಿಷ್ ಅಷ್ಟು ಬಾರದು, ಆದರೆ ವೈರಿಂಗ್ ಚಿತ್ರಕ್ಕೆ ಯಾವ ಭಾಷೆ? ಪೆನ್ಸಿಲ್ ತುದಿ ಗೆರೆಯ ಮೇಲೆ ಹೋಗುತ್ತಾ ಹೋಗುತ್ತಾ ಡಿಕ್ಕಿಯ ಕೀಲಿನ ಹತ್ತಿರದ ಲಿಮಿಟ್ ಸ್ವಿಚ್ಚಿನ ಬಳಿ ನಿಂತಿತು. ಅಮ್ಮ ಎರಡು ಸಲ ಊಟಕ್ಕೆ ಕರೆದರು.

ಮಾರುವವನಿಗೆ ನಾನು ಮೆಸೇಜ್ ಬರೆದೆ. ಕೊಳ್ಳುವವನಲ್ಲ, ವಿದ್ಯಾರ್ಥಿ, ನಮ್ಮ ತಂದೆ ಮೆಕ್ಯಾನಿಕ್, ಇಂಥ ಸ್ವಿಚ್ ನೋಡಿ ಎಂದು. ಉತ್ತರ ಬರುತ್ತದೆಂಬ ನಂಬಿಕೆ ಇರಲಿಲ್ಲ. ನಾಲ್ಕನೇ ದಿನ ಬಂತು. ಸ್ವಿಚ್ ಕೆಟ್ಟಿರಲಿಲ್ಲ, ಅದನ್ನು ಹಿಡಿದಿದ್ದ ತಗಡಿನ ಪಟ್ಟಿ ಬಾಗಿ ಸ್ವಿಚ್ಚಿಗೆ ಮುಚ್ಚಳ ತಾಗುತ್ತಿರಲಿಲ್ಲವಂತೆ. ಕೈಯಲ್ಲೇ ಬಗ್ಗಿಸಿ ಸರಿ ಮಾಡಿದನಂತೆ. ಜೊತೆಗೊಂದು ಹೊಸ ವಿಡಿಯೋ. ಮುಚ್ಚಳ ಎದ್ದಿತು, ಮಾಡು ಬಿಡಿಸಿಕೊಂಡಿತು, ದೊಡ್ಡ ಹಕ್ಕಿ ರೆಕ್ಕೆ ಮಡಚಿದ ಹಾಗೆ ಮಡಚಿಕೊಂಡು ಒಳಗೆ ಹೋಯಿತು, ಮುಚ್ಚಳ ಕೂತಿತು. ಕಾರಿನ ಬೆನ್ನು ಮೊದಲಿನ ಹಾಗೇ ಒಂದೇ ಗೆರೆ. ತಂದೆಯವರಿಗೆ ಧನ್ಯವಾದ ತಿಳಿಸಿ ಅಂತಲೂ ಬರೆದಿದ್ದ.

ಮರುದಿನ ಜಾಹೀರಾತು ತೆರೆದು ನೋಡಿದರೆ 'ಟಾಪ್ ಕೆಲಸ ಮಾಡುವುದಿಲ್ಲ' ಎಂಬ ಸಾಲು ಮಾಯ. ಬೆಲೆ 39,500 ಡಾಲರ್.

ಅಪ್ಪನಿಗೆ ಫೋನಿನಲ್ಲಿ ಇದನ್ನು ಹೇಳಿದಾಗ ಬಹಳ ಹೊತ್ತು ನಕ್ಕರು. ಏಳೂವರೆ ಸಾವಿರ ಡಾಲರ್ ಎಂದರೆ ಎಷ್ಟಾಯಿತು ಅಂತ ಕೇಳಿದರು. ಹೇಳಿದೆ. ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ, "ಪಟ್ಟಿ ಬಗ್ಗಿಸಿದ್ದಕ್ಕಾ?" ಅಂದರು. ಆ ವಿಡಿಯೋವನ್ನು ಗ್ಯಾರೇಜಿಗೆ ಬಂದವರಿಗೆಲ್ಲ ತೋರಿಸುತ್ತಿದ್ದಾರೆ ಎಂದು ಅಮ್ಮ ಹೇಳಿದರು. ಹಾಲಿನ ಡೇರಿಯ ಡ್ರೈವರ್ ಒಬ್ಬ ನಂಬಲೇ ಇಲ್ಲವಂತೆ.

ಜಾಗ ಬಾಡಿಗೆಗೆ ಕೊಡುವ ಮಾತು ಯುಗಾದಿವರೆಗೆ ಮುಂದೆ ಹೋಗಿದೆ. ಅದಕ್ಕೂ ಲಿಂಕನ್‌ಗೂ ಸಂಬಂಧವಿಲ್ಲ. ಮೊಬೈಲ್ ಅಂಗಡಿಯವನು ಅಡ್ವಾನ್ಸ್ ಕಡಿಮೆ ಹೇಳಿದ್ದಾನೆ. ಸ್ಕ್ಯಾನರಿನ ದುಡ್ಡು ಎಷ್ಟೆಂದು ಅಪ್ಪ ನನ್ನ ಹತ್ತಿರ ಮತ್ತೊಮ್ಮೆ ವಿಚಾರಿಸಿದ್ದು ಮಾತ್ರ ನಿಜ. ಅದು ಹೇಗೆ ಓದುತ್ತದೆ, ಒಳಗೆ ಯಾವ ಸ್ವಿಚ್ಚು ಯಾರಿಗೆ ಏನು ಹೇಳುತ್ತದೆ ಎಂದು ರಜೆಯಲ್ಲಿ ಬಂದಾಗ ಬಿಡಿಸಿ ಹೇಳಬೇಕಂತೆ. ಅದಕ್ಕಾಗಿ ನಾನೇ ಈಗ ಓದಿಕೊಳ್ಳುತ್ತಿದ್ದೇನೆ.

ಮೊನ್ನೆ ರಾತ್ರಿ ಅಭ್ಯಾಸಬಲದಿಂದ ಆ ಜಾಹೀರಾತನ್ನು ಮತ್ತೆ ತೆರೆದೆ. ಕಪ್ಪು ಕಾರಿನ ಫೋಟೊ ಮೇಲೆ ಅಡ್ಡಲಾಗಿ 'ಮಾರಾಟವಾಗಿದೆ' ಎಂಬ ಪಟ್ಟಿ. ಅಪ್ಪನಿಗೆ ಇನ್ನೂ ಹೇಳಿಲ್ಲ.