ಪ್ರೌಢಶಾಲೆಯ ತರುವಾಯ ರೈತರ ಮಕ್ಕಳು ಆರಿಸತಕ್ಕ ವಿದ್ಯೆ

ಮುಂಗಾರಿನ ಉಳುಮೆಯೂ ಮಕ್ಕಳ ಪರೀಕ್ಷೆಯ ಫಲಿತಾಂಶವೂ ಹೆಚ್ಚು ಕಡಿಮೆ ಒಂದೇ ಕಾಲದಲ್ಲಿ ಬರುತ್ತವೆ. ಯಾವ ಹೊಲಕ್ಕೆ ಯಾವ ಬೀಜವೆಂಬುದನ್ನು ಹತ್ತು ಜನರಲ್ಲಿ ವಿಚಾರಿಸಿ ನಿಶ್ಚಯಿಸುವ ಜಮೀನುದಾರರು, ಮಗನನ್ನಾಗಲಿ ಮಗಳನ್ನಾಗಲಿ ಯಾವ ವಿದ್ಯೆಗೆ ಸೇರಿಸಬೇಕೆಂಬುದನ್ನು ಮಾತ್ರ ನೆರೆಯವರನ್ನು ನೋಡಿ ತೀರ್ಮಾನಿಸುವುದುಂಟು. ಇದರಿಂದೊದಗುವ ನಷ್ಟವು ಬೆಳೆಯ ನಷ್ಟದಂತೆ ಮರುವರುಷ ತುಂಬಿಬರತಕ್ಕದ್ದಲ್ಲ.

ಮೊದಲು ತಿಳಿಯಬೇಕಾದುದೇನೆಂದರೆ, ಪದವಿಯ ಆಯ್ಕೆಯು ಹತ್ತನೆಯ ತರಗತಿ ಮುಗಿದ ಕೂಡಲೇ ಅರ್ಧ ನಿಶ್ಚಯವಾಗಿಬಿಡುತ್ತದೆ. ಪಿ.ಯು.ಸಿ.ಯ ಎರಡು ವರ್ಷಗಳಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರ ಈ ನಾಲ್ಕನ್ನೂ ಓದಿದವರಿಗೆ ವ್ಯವಸಾಯ ಸಂಬಂಧವಾದ ಎಲ್ಲ ಪದವಿಗಳ ದಾರಿಯೂ ತೆರೆದಿರುತ್ತದೆ. ಜೀವಶಾಸ್ತ್ರವನ್ನು ಬಿಟ್ಟವರಿಗೆ ಪಶುವೈದ್ಯವೂ, ಗಣಿತವನ್ನು ಬಿಟ್ಟವರಿಗೆ ಕೃಷಿ ಇಂಜಿನಿಯರಿಂಗೂ ದೊರೆಯಲಾರವು.

ವ್ಯವಸಾಯ ವಿದ್ಯೆಯೆಂದರೆ ಒಂದೇ ಪದವಿಯೆಂದು ಭಾವಿಸಬಾರದು. ಅದರ ಮುಖ್ಯ ಶಾಖೆಗಳು ಇವು:

1. ಬಿ.ಎಸ್‌ಸಿ. ಕೃಷಿ: ನಾಲ್ಕು ವರ್ಷ. ಮಣ್ಣು, ಬೆಳೆ, ತಳಿ, ಕೀಟ, ರೋಗ, ಕೃಷಿ ಅರ್ಥಶಾಸ್ತ್ರ ಎಲ್ಲವೂ ಸೇರಿದ್ದು.

2. ತೋಟಗಾರಿಕೆ: ನಾಲ್ಕು ವರ್ಷ. ಹಣ್ಣು, ತರಕಾರಿ, ಹೂವು, ತೋಟದ ಬೆಳೆಗಳುಳ್ಳ ಮನೆತನಕ್ಕೆ ಒಪ್ಪುವಂಥದು. ಇದಕ್ಕಾಗಿಯೇ ಬಾಗಲಕೋಟೆಯಲ್ಲಿ 2008ರಲ್ಲಿ ಪ್ರತ್ಯೇಕ ವಿಶ್ವವಿದ್ಯಾನಿಲಯವು ಸ್ಥಾಪಿತವಾಯಿತು.

3. ಪಶುವೈದ್ಯ: ತರಬೇತಿಯೂ ಸೇರಿ ಐದೂವರೆ ವರ್ಷ. ರಾತ್ರಿಯಾದರೂ ಎದ್ದು ಕೊಟ್ಟಿಗೆಗೆ ಹೋಗುವ ಮನಸ್ಸುಳ್ಳವರಿಗೆ ಮಾತ್ರ ತಕ್ಕದ್ದು.

4. ರೇಷ್ಮೆ, ಅರಣ್ಯ, ಮೀನುಗಾರಿಕೆ, ಹೈನು ಮತ್ತು ಕೃಷಿ ಇಂಜಿನಿಯರಿಂಗ್: ಇವುಗಳಿಗೆ ಕ್ರಮವಾಗಿ ಚಿಂತಾಮಣಿ, ಪೊನ್ನಂಪೇಟೆ, ಮಂಗಳೂರು, ಹೆಬ್ಬಾಳ, ರಾಯಚೂರುಗಳಲ್ಲಿ ಕಾಲೇಜುಗಳಿವೆ.

ಈ ವಿದ್ಯೆಯು ನಮ್ಮ ನಾಡಿಗೆ ಹೊಸದಲ್ಲ. ಹೆಬ್ಬಾಳದಲ್ಲಿ 1913ರಲ್ಲಿ ವ್ಯವಸಾಯದ ಶಾಲೆಯೂ, 1946ರಲ್ಲಿ ಕಾಲೇಜೂ ಆರಂಭವಾದವು. ಧಾರವಾಡದ ಕಾಲೇಜು 1947ರದು. ಬೆಂಗಳೂರಿನಲ್ಲಿ 1964ರಲ್ಲಿಯೂ, ಧಾರವಾಡದಲ್ಲಿ 1986ರಲ್ಲಿಯೂ ಕೃಷಿ ವಿಶ್ವವಿದ್ಯಾನಿಲಯಗಳು ಸ್ಥಾಪಿತವಾದವು.

ಸರ್ಕಾರಿ ಪ್ರವೇಶಕ್ಕೆ ಸ್ಪರ್ಧಾ ಪರೀಕ್ಷೆಯುಂಟು. ಕೃಷಿ ಪದವಿಗಳಲ್ಲಿ ಒಂದು ಭಾಗದ ಸ್ಥಾನಗಳನ್ನು ರೈತರ ಮಕ್ಕಳಿಗಾಗಿ ಕಾದಿರಿಸಲಾಗಿದೆ. ಇವರಿಗೆ ಪ್ರತ್ಯೇಕವಾಗಿ ಪ್ರಾಯೋಗಿಕ ಪರೀಕ್ಷೆಯೂ ನಡೆಯುತ್ತದೆ. ಬೀಜ, ಗೊಬ್ಬರ, ಕಳೆ, ಉಪಕರಣಗಳನ್ನು ಗುರುತಿಸಲಾರದ ಹುಡುಗನು ಪಹಣಿಯಲ್ಲಿ ಎಷ್ಟು ಎಕರೆಯಿದ್ದರೂ ಇದರಲ್ಲಿ ಹಿಂದೆ ಬೀಳುವನು. ಆದುದರಿಂದ ಮಕ್ಕಳನ್ನು ಓದಿನ ನೆಪದಿಂದ ಹೊಲದಿಂದ ದೂರವಿಡುವುದು ಲಾಭಕರವಲ್ಲ. ಜಮೀನಿನ ಹಾಗೂ ವ್ಯವಸಾಯಗಾರರ ಕುಟುಂಬದ ದಾಖಲೆ ಪತ್ರಗಳನ್ನು ಮುಂಚಿತವಾಗಿಯೇ ಸರಿಪಡಿಸಿಟ್ಟುಕೊಳ್ಳತಕ್ಕದ್ದು.

ಪದವಿ ಪಡೆದವರೆಲ್ಲರಿಗೂ ಸರ್ಕಾರಿ ಉದ್ಯೋಗ ಸಿಕ್ಕುವುದೆಂಬ ಭರವಸೆ ಇಲ್ಲ. ಬ್ಯಾಂಕು, ಬೀಜದ ಕಂಪನಿ, ಸಂಶೋಧನೆ, ಸ್ವಂತ ಬೇಸಾಯ ಇವೂ ಆ ವಿದ್ಯೆಯ ಫಲಗಳೇ. ಮಗುವಿಗೆ ಒಲವಿಲ್ಲದ ಪದವಿಗಾಗಿ ಜಮೀನನ್ನು ಮಾರಿ ಹಣ ತೆರುವುದು ಎರಡು ಕಡೆಯಿಂದಲೂ ನಷ್ಟ: ವಿದ್ಯೆ ಹತ್ತದಿದ್ದರೆ ಹಿಂದಿರುಗಿ ಬರಲು ಭೂಮಿಯೂ ಉಳಿಯದು. ಅಷ್ಟು ದೀರ್ಘಕಾಲ ಓದಿಸಲು ಅನುಕೂಲವಿಲ್ಲದವರಿಗೆ, ಹತ್ತನೆಯ ತರಗತಿಯ ಅನಂತರ ಕನ್ನಡದಲ್ಲಿಯೇ ಕಲಿಸುವ ಎರಡು ವರ್ಷದ ಕೃಷಿ ಡಿಪ್ಲೊಮಾ ಉಂಟು.

ಗ್ರಾಮದ ಮುಖಂಡರು ಈ ಸಂಗತಿಗಳನ್ನು ಹತ್ತನೆಯ ತರಗತಿಯಲ್ಲಿ ಓದುತ್ತಿರುವ ಮಕ್ಕಳ ತಂದೆತಾಯಿಗಳಿಗೆ, ವಿಶೇಷವಾಗಿ ಹೆಣ್ಣುಮಕ್ಕಳುಳ್ಳ ಮನೆಗಳಿಗೆ, ಫಲಿತಾಂಶಕ್ಕೆ ಮೊದಲೇ ತಿಳಿಯಪಡಿಸುವುದು ಲೇಸು. ಹದ ಮೀರಿದ ಮೇಲೆ ಬಿತ್ತಿದ ಬೀಜದಿಂದ ಪೂರ್ಣ ಫಲವನ್ನು ನಿರೀಕ್ಷಿಸಲಾಗದು.